ಪದಚರ್ಚೆ: ವಸಂತದ ಮಂಜು ‘ಹದಕ್ಕೆ ಬಂದಿದೆ’ ಅನ್ನಬಹುದೇ?

ಗೆಳೆಯರೇ, ನಮಸ್ಕಾರ.

ಎರಡು ವಾರದಿಂದ ಒಂದು ಪದ ತಲೆ ತಿನ್ನುತ್ತಿದೆ. ನಿಮ್ಮ ನೆರವು ಬೇಕು.

ಕೆಲಸ ಮುಗಿಸಿ ಸಂಜೆ ಹೊತ್ತು ಸ್ಕೀ ಹಾಕಿಕೊಂಡು ಗುಡ್ಡ ಹತ್ತುವವರ ಗುಂಪೊಂದರಲ್ಲಿ ನಾನಿದ್ದೇನೆ. ಗುಂಪಿನಲ್ಲಿ ನಾಲ್ಕೈದು ಮಂದಿ ಕನ್ನಡದವರಿದ್ದೇವೆ. ಹೊಸದಾಗಿ ಬರುವವರಿಗೆ ಅಂತ ಎರಡು ಪುಟದ ಟಿಪ್ಪಣಿಯನ್ನು ಕನ್ನಡದಲ್ಲೇ ಬರೆಯಲು ಕೂತೆ. ಅರ್ಧ ಪುಟ ದಾಟುವಷ್ಟರಲ್ಲಿ ಪದಗಳಿಲ್ಲದೆ ನಿಂತುಬಿಟ್ಟೆ.

ಇದರ ಪರಿಚಯ ಇಲ್ಲದವರಿಗೆ ಒಂದೆರಡು ಮಾತು. ಸಾಮಾನ್ಯ ಸ್ಕೀ ಆಟದಲ್ಲಿ ಲಿಫ್ಟ್ ನಮ್ಮನ್ನು ಮೇಲಕ್ಕೆ ಒಯ್ಯುತ್ತದೆ, ನಾವು ಜಾರುತ್ತಾ ಇಳಿಯುತ್ತೇವೆ. ಸ್ಕೀ ಟೂರಿಂಗ್‌ನಲ್ಲಿ ಹತ್ತುವುದೂ ನಮ್ಮ ಕಾಲಿನದೇ ಕೆಲಸ. ಬೂಟಿನ ಮುಂಭಾಗ ಮಾತ್ರ ಸ್ಕೀಗೆ ಕಚ್ಚಿಕೊಂಡಿರುತ್ತದೆ, ಹಿಮ್ಮಡಿ ಬಿಡುವಾಗಿರುತ್ತದೆ. ಸ್ಕೀಯ ತಳಕ್ಕೆ ಹಿಂದಕ್ಕೆ ಜಾರದ ಹಾಗೆ ಒಂದು ಪಟ್ಟಿ ಅಂಟಿಸಿರುತ್ತೇವೆ. ತುದಿ ಮುಟ್ಟಿದ ಮೇಲೆ ಪಟ್ಟಿ ಕಿತ್ತು, ಹಿಮ್ಮಡಿ ಬಿಗಿದು, ಇಳಿಯುವುದು. ಲಿಫ್ಟ್ ನಿಂತ ಮೇಲೆ ಸಂಜೆ ಒಂದೆರಡು ದಾರಿಗಳನ್ನು ಹೀಗೆ ಹತ್ತುವವರಿಗೆ ಬಿಟ್ಟುಕೊಡುವ ಸ್ಕೀ ತಾಣಗಳಿವೆ. ವಸಂತ ಬಂತೆಂದರೆ ಹಗಲು ಉದ್ದವಾಗುತ್ತದೆ. ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಳ್ಳುವ ದೇಶಗಳಲ್ಲಂತೂ, ಕೆಲಸ ಬಿಟ್ಟು ಹೊರಟರೂ ಬೆಳಕು ಇನ್ನೂ ಉಳಿದಿರುತ್ತದೆ. (‘ಸ್ಕೀ ತಾಣ’ ಅಂತ ಬೇಕೆಂದೇ ಬರೆದೆ. ‘ರೆಸಾರ್ಟ್’ ಅಂದರೆ ನಮ್ಮ ಕಿವಿಗೆ ಕೊಠಡಿ, ಈಜುಕೊಳವೇ ಮೊದಲು ಕೇಳಿಸುತ್ತದೆ. ಇಲ್ಲಿ ಮುಖ್ಯವಾದದ್ದು ಲಿಫ್ಟು ಮತ್ತು ಇಳಿಜಾರು.)

ಈಗ ನನ್ನ ಮುಖ್ಯ ಪ್ರಶ್ನೆ. ಇಂಗ್ಲಿಷಿನವರು ‘ಕಾರ್ನ್ ಸ್ನೋ’ ಅನ್ನುವ ಒಂದು ಬಗೆಯ ಮಂಜು ವಸಂತದಲ್ಲಿ ಸಿಗುತ್ತದೆ. ಸ್ಕೀ ಮಾಡುವವರು ವರ್ಷವಿಡೀ ಕಾಯುವುದು ಅದಕ್ಕೇ. ಕನ್ನಡದಲ್ಲಿ ಅದನ್ನು ಏನೆನ್ನೋಣ?

‘ಜೋಳದ ಹಿಮ’ ಅಂತ ಒಬ್ಬರು ಬರೆದದ್ದನ್ನು ನೋಡಿದೆ. ಅದು ದಾರಿ ತಪ್ಪಿಸುತ್ತದೆ. ಇಲ್ಲಿ ‘ಕಾರ್ನ್’ ಎಂದರೆ ಜೋಳ ಅಲ್ಲ, ಕಾಳು. ಇಂಗ್ಲಿಷಿನಲ್ಲಿ ಆ ಪದಕ್ಕೆ ಮೊದಲಿಂದ ಇದ್ದ ಅರ್ಥವೇ ಅದು. ಮೆಣಸಿನ ಕಾಳಿಗೆ ‘ಪೆಪ್ಪರ್‌ಕಾರ್ನ್’ ಅನ್ನುತ್ತಾರಲ್ಲ, ಅದೇ ಕಾರ್ನ್ ಇದು.

ಆ ಕಾಳು ಹೇಗೆ ಆಗುತ್ತದೆ ಅನ್ನುವುದು ಪದ ಹುಡುಕಲು ಮುಖ್ಯ. ಹಗಲಿನ ಬಿಸಿಲಿಗೆ ಮಂಜಿನ ಮೇಲ್ಪದರ ಕರಗುತ್ತದೆ. ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ. ಹೀಗೆ ದಿನವೂ ಕರಗಿ ಹೆಪ್ಪುಗಟ್ಟಿ, ಹೊಸ ಮಂಜಿನ ಸೂಜಿಯಂಥ ಮೊನೆಗಳೆಲ್ಲ ಸವೆದುಹೋಗಿ, ಉರುಟು ಕಾಳುಗಳು ಉಳಿಯುತ್ತವೆ. ಬೆಳಗ್ಗೆ ಅವೆಲ್ಲ ಒಂದಕ್ಕೊಂದು ಬೆಸೆದುಕೊಂಡು ಹಲಗೆಯ ಹಾಗಿರುತ್ತವೆ. ಬಿಸಿಲು ಬಿದ್ದು ಸ್ವಲ್ಪ ಹೊತ್ತಿಗೆ ಮೇಲಿನ ಒಂದೆರಡು ಬೆರಳಿನಷ್ಟು ಮಾತ್ರ ಸಡಿಲವಾಗುತ್ತದೆ, ಕೆಳಗೆ ಗಟ್ಟಿಯೇ ಇರುತ್ತದೆ. ಅದರ ಮೇಲೆ ಸ್ಕೀ ನಾವು ಹೇಳಿದ ಹಾಗೆ ಕೇಳುತ್ತದೆ. ಆಗ ಕೈಗವಸು ತೆಗೆದು ಒಂದು ಹಿಡಿ ಎತ್ತಿ ನೋಡಿ. ಹರಳುಪ್ಪಿನ ಹಾಗೆ ಬೆರಳ ಸಂದಿಯಿಂದ ಸರಸರ ಉದುರುತ್ತದೆ, ಅಂಗೈ ಅಷ್ಟಾಗಿ ಒದ್ದೆಯಾಗುವುದಿಲ್ಲ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು ಅದೇ ಜಾಗದಲ್ಲಿ ಹಿಡಿ ಎತ್ತಿದರೆ, ಹಿಂಡಿದಾಗ ನೀರು ತೊಟ್ಟಿಕ್ಕುತ್ತದೆ. ಅಲ್ಲಿಗೆ ಆಟ ಮುಗಿಯಿತು. ಕಾಲು ಹೂತುಕೊಳ್ಳುತ್ತದೆ, ಸ್ಕೀ ಎಳೆಯುತ್ತದೆ.

ಹರಳುಪ್ಪು ನೆನಪಾದ ಮೇಲೆ ‘ಹರಳುಹಿಮ’ ಅಂತ ಬರೆದುಕೊಂಡೆ. ಬರೆದ ಮೇಲೆ ಮನಸ್ಸು ಒಪ್ಪಲಿಲ್ಲ. ಹರಳು ನಮ್ಮದು, ಹಳಗನ್ನಡದ ‘ಪರಲ್’. ಹಿಮ ಸಂಸ್ಕೃತದ್ದು. ಅರಿಸಮಾಸ ಆಗುತ್ತದೆ, ಅಲ್ವಾ? ಈಗ ಅದನ್ನು ಯಾರೂ ಅಷ್ಟು ದೊಡ್ಡ ತಪ್ಪೆಂದು ಎಣಿಸುವುದಿಲ್ಲ, ನಾನೂ ಎಣಿಸುವುದಿಲ್ಲ. ಆದರೂ ‘ಹರಳುಮಂಜು’ ಬಾಯಿಗೆ ಇನ್ನೂ ಸಲೀಸು. ನೀವೇ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ.

ತೊಡಕು ಇರುವುದು ಮಂಜಿನಲ್ಲಿ. ನಮಗೆ ಮಂಜು ಅಂದರೆ ಕಣ್ಣಿಗೆ ಕವಿಯುವ ಮಬ್ಬೂ ಹೌದು, ನೆಲದ ಮೇಲೆ ಬಿದ್ದಿರುವ ಬಿಳಿಯೂ ಹೌದು. ಹೋದ ತಿಂಗಳು ನಾನು ಮೊದಲೇ ಹೊರಟು ಮೇಲಿಂದ ಗೆಳತಿಗೆ ‘ಇಲ್ಲಿ ಮಂಜು ಜಾಸ್ತಿ ಇದೆ, ಚೆನ್ನಾಗಿದೆ’ ಅಂತ ಸಂದೇಶ ಕಳಿಸಿದೆ. ಅವಳು ಮೊದಲರ್ಧ ಓದಿ, ಮೇಲೆ ಏನೂ ಕಾಣಿಸುತ್ತಿಲ್ಲ ಅಂದುಕೊಂಡು, ಅರ್ಧ ದಾರಿಯಿಂದ ವಾಪಸ್ ಹೋದಳು. ಆ ದಿನ ಆಕಾಶ ಕನ್ನಡಿಯ ಹಾಗೆ ತಿಳಿಯಾಗಿತ್ತು. ನನಗೆ ತುಂಬಾ ಬೇಜಾರಾಯಿತು. ಆಮೇಲಿಂದ ಬಿಡಿಪದವಾಗಿ ‘ಮಂಜು’ ಬರೆಯುವಾಗ ಕೈ ತಡೆಯುತ್ತದೆ. ಆದರೆ ಸಮಾಸದಲ್ಲಿ ಈ ಗೊಂದಲ ಇರುವುದಿಲ್ಲ. ‘ಮಂಜುಗಡ್ಡೆ’ ಅಂದರೆ ಯಾರೂ ಮಬ್ಬು ಅಂದುಕೊಳ್ಳುವುದಿಲ್ಲ. ಮಬ್ಬಿಗೆ ಹರಳೂ ಇರುವುದಿಲ್ಲ. ಹಾಗಾಗಿ ಹರಳುಮಂಜು ನಿಲ್ಲುತ್ತದೆ ಅನ್ನಿಸುತ್ತದೆ.

ಇಷ್ಟಾದರೂ ಸಮಾಧಾನ ಆಗಲಿಲ್ಲ. ಯಾಕೆಂದರೆ ಗುಂಪಿನಲ್ಲಿ ನಾವು ನಿಜವಾಗಿ ಕೇಳಿಕೊಳ್ಳುವ ಪ್ರಶ್ನೆ ‘ಯಾವ ಬಗೆಯ ಮಂಜು’ ಅಂತ ಅಲ್ಲ. ‘ಈಗ ಹೇಗಿದೆ’ ಅಂತ. ಜರ್ಮನ್ ಭಾಷೆಯವರು ಈ ಮಂಜನ್ನೇ ‘ಫಿರ್ನ್’ ಅನ್ನುತ್ತಾರೆ. ಆ ಪದದ ಬೇರು ‘ಹೋದ ವರ್ಷದ್ದು’ ಅನ್ನುವ ಅರ್ಥದ್ದು. ಇಂಗ್ಲಿಷು ಮಂಜಿನ ಆಕಾರ ಹೇಳಿತು, ಜರ್ಮನ್ ಅದರ ವಯಸ್ಸು ಹೇಳಿತು. ಅದೇ ಇಳಿಜಾರು ಒಂದು ಗಂಟೆ ಮುಂಚೆ ಕಲ್ಲು, ಒಂದು ಗಂಟೆ ತಡವಾದರೆ ಕೆಸರು. ಆ ಹೊತ್ತನ್ನು ಹಿಡಿಯುವ ಮಾತು ಬೇಕಿತ್ತು.

ಅದು ನನ್ನ ಬಾಯಲ್ಲೇ ಇತ್ತು. ಒಂದು ಭಾನುವಾರ ಬೆಳಗ್ಗೆ ತುದಿಯಲ್ಲಿ ಕಾಯುತ್ತಾ ಕೂತಿದ್ದೆವು. ಜೊತೆಯವರು ‘ಹೊರಡೋಣವಾ?’ ಅಂದರು. ಕೋಲಿನ ತುದಿಯಿಂದ ಮಂಜನ್ನು ಕೆರೆದು ನೋಡಿ, ಯೋಚಿಸದೇ ‘ಇರಿ, ಇನ್ನೂ ಹದಕ್ಕೆ ಬಂದಿಲ್ಲ’ ಅಂದೆ. ಅಷ್ಟೇ. ಎಲ್ಲರಿಗೂ ಅರ್ಥವಾಯಿತು.

ಹದ ಅನ್ನುವ ಮಾತು ನಮ್ಮಲ್ಲಿ ಎಷ್ಟು ಕಡೆ ಓಡಾಡುತ್ತದೆ ನೋಡಿ. ಉಳುವ ಮುಂಚೆ ನೆಲಕ್ಕೆ ಹದ. ಪಾಕಕ್ಕೆ ಹದ. ಬಡಿಯುವ ಮುಂಚೆ ಕಬ್ಬಿಣಕ್ಕೂ ಹದ. ಎಲ್ಲ ಕಡೆಯೂ ಅದು ಬರುವಂಥದ್ದು, ಮೀರುವಂಥದ್ದು, ಕೈಯಿಂದ ಮುಟ್ಟಿ ತಿಳಿಯುವಂಥದ್ದು. ವಸಂತದ ಮಂಜಿಗೂ ಇದೇ ಲಕ್ಷಣ. ಹೆಸರುಪದ ಹುಡುಕುತ್ತಾ ಅಲೆಯುತ್ತಿದ್ದವನಿಗೆ ಇಡೀ ಕ್ರಿಯಾಪದಗಳ ಕಟ್ಟೇ ಸಿಕ್ಕಿತು. ಬೆಳಗಿನ ಗಟ್ಟಿ ಮಂಜಿಗೆ ‘ಹದಕ್ಕೆ ಬಂದಿಲ್ಲ’. ಕಾದದ್ದು ಸಿಕ್ಕಾಗ ‘ಹದವಾಗಿದೆ’. ಕೆಸರಾದಾಗ ‘ಹದ ಮೀರಿದೆ’. ಹೊಸದಾಗಿ ಬಂದವರಿಗೂ ವಿವರಿಸಬೇಕಾಗಿಲ್ಲ.

ಒಂದು ಎಚ್ಚರ ಮಾತ್ರ ಬೇಕು. ರಾತ್ರಿ ಯಂತ್ರ ಓಡಿಸಿ ಇಳಿಜಾರನ್ನು ಸರಿಪಡಿಸುವುದಕ್ಕೆ ‘ಹದ ಮಾಡು’ ಅನ್ನಬಾರದು. ತಾನಾಗಿ ಹದಕ್ಕೆ ಬರುವುದೇ ಬೇರೆ. ಯಂತ್ರದ ಕೆಲಸಕ್ಕೆ ‘ಮಟ್ಟಸ ಮಾಡು’ ಸಾಕು.

ಸಂಜೆ ಹೋಗುವವರಿಗೆ ಇನ್ನೊಂದು ಕಷ್ಟ ಇದೆ. ನಮಗೆ ಈ ಆಟ ತಿರುವುಮುರುವಾಗಿ ಸಿಗುತ್ತದೆ. ನಾವು ಹೊರಡುವಾಗ ಹದ ಮೀರಿ ಆಗಿರುತ್ತದೆ. ಹತ್ತುವಾಗ ಕೋಲು ಊರಿದರೆ ‘ಪಚಕ್’ ಅಂತ ಇಳಿಯುತ್ತದೆ. ಪಡುವಣ ಮುಖದ ಇಳಿಜಾರಿಗೆ ಕೊನೆಯ ಬಿಸಿಲು ಇರುತ್ತದೆ, ಮೂಡಣ ಮುಖ ಆಗಲೇ ನೆರಳಿಗೆ ಬಿದ್ದಿರುತ್ತದೆ. ಆಕಾಶ ತಿಳಿಯಾಗಿದ್ದರೆ, ಗಾಳಿ ಸೊನ್ನೆ ಡಿಗ್ರಿಗಿಂತ ಒಂದೆರಡು ಡಿಗ್ರಿ ಮೇಲಿದ್ದರೂ, ಮಂಜಿನ ಮೈ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಟ್ಟು ಬಿಗಿಯಲು ಶುರುಮಾಡುತ್ತದೆ. ಮೋಡ ಮುಚ್ಚಿದ್ದರೆ ಕತ್ತಲಾದರೂ ಮೆತ್ತಗೇ ಇರುತ್ತದೆ. ತುದಿಯಲ್ಲಿ ನೀರು ಕುಡಿದು, ಪಟ್ಟಿ ಮಡಚಿ, ತಲೆದೀಪ ಹಾಕಿಕೊಂಡು ಇಳಿಯಲು ನಿಂತಾಗ ಅದೇ ಕೋಲು ‘ಟಕ್’ ಅನ್ನುತ್ತದೆ. ಹಗಲು ಇಳಿದವರ ಸ್ಕೀ ಗೆರೆಗಳೆಲ್ಲ ಕಲ್ಲಿನ ಏಣುಗಳಾಗಿರುತ್ತವೆ. ಈ ಬಿಗಿತಕ್ಕೆ ‘ಮರುಹೆಪ್ಪು’ ಅಂತ ಬರೆದಿದ್ದೇನೆ. ‘ಏಳೂವರೆಗೆ ಮರುಹೆಪ್ಪು ಶುರು, ಅಷ್ಟರಲ್ಲಿ ಇಳಿಯಿರಿ’ ಅಂದರೆ ಸಾಕಲ್ಲವೇ? ಮೇಲೆ ತೆಳುವಾಗಿ ಗಟ್ಟಿಯಾಗಿ, ತುಳಿದರೆ ಒಡೆದು ಕಾಲು ಒಳಗೆ ಹೋಗುವ ಪದರಕ್ಕೆ ‘ಹಕ್ಕಳೆ’ ಹೊಳೆಯಿತು. ಗಾಯದ ಹಕ್ಕಳೆಯ ನೆನಪು ಕೆಲವರಿಗೆ ಹಿಡಿಸಲಿಕ್ಕಿಲ್ಲ. ‘ಕೆನೆಗಟ್ಟಿದೆ’ ಅನ್ನಬಹುದಿತ್ತು, ಆದರೆ ಕೆನೆ ಮೆತ್ತಗಿರುತ್ತದೆ. ಇದು ಮೊಣಕಾಲು ತಿರುಚುವಂಥದ್ದು. ಹಕ್ಕಳೆಯೇ ಸರಿ ಅನ್ನಿಸುತ್ತದೆ.

ಇನ್ನು ಆ ಪಟ್ಟಿ. ಇಂಗ್ಲಿಷಿನಲ್ಲಿ ‘ಸ್ಕಿನ್’. ಮೊದಲು ಸೀಲ್ ಪ್ರಾಣಿಯ ತೊಗಲನ್ನೇ ಕಟ್ಟುತ್ತಿದ್ದರು. ಫ್ರೆಂಚರು ಇವತ್ತಿಗೂ ‘ಸೀಲ್ ತೊಗಲು’ ಅಂತಲೇ ಕರೆಯುತ್ತಾರೆ. ಈಗ ಬರುವುದು ಅಂಗೋರಾ ಮೇಕೆಯ ಕೂದಲಿನ ಮೊಹೇರ್, ಇಲ್ಲವೇ ನೈಲಾನ್, ಇಲ್ಲವೇ ಎರಡರ ಬೆರಕೆ. ಕೂದಲೆಲ್ಲ ಹಿಂದಕ್ಕೆ ವಾಲಿರುತ್ತದೆ. ಮುಂದಕ್ಕೆ ತಳ್ಳಿದರೆ ನಯವಾಗಿ ಜಾರುತ್ತದೆ, ಹಿಂದಕ್ಕೆ ಸರಿದರೆ ಕೂದಲು ಸೆಟೆದು ಮಂಜನ್ನು ಕಚ್ಚಿಕೊಳ್ಳುತ್ತದೆ. ಬೆಕ್ಕಿನ ಬೆನ್ನನ್ನು ಎದುರುಗೂದಲಿಗೆ ಸವರಿದರೆ ಕೈಗೆ ಏನು ತಿಳಿಯುತ್ತದೋ ಅದೇ. ಕೆಲಸ ಮಾಡುವುದು ಕೂದಲಾದ್ದರಿಂದ ‘ಚರ್ಮ’, ‘ತೊಗಲು’ ಎರಡೂ ಸಲ್ಲವು. ‘ತುಪ್ಪಳ’ ಸರಿ ಅಂತ ನನ್ನ ಎಣಿಕೆ. ಜರ್ಮನ್‌ನಲ್ಲಿ ‘ಸ್ಟೈಗ್‌ಫೆಲ್’ ಅಂದರೂ ‘ಹತ್ತುವ ತುಪ್ಪಳ’ ಎಂದೇ ಅರ್ಥ. ‘ತುಪ್ಪಳ ಅಂಟಿಸು, ತುಪ್ಪಳ ಕೀಳು, ತುಪ್ಪಳ ಒಣಗಿಸು’ ಎಲ್ಲವೂ ಸಲೀಸಾಗಿ ಬರುತ್ತವೆ. ಒಂದೇ ಪದ ಮಾಡಬೇಕೆಂದರೆ ‘ಏರುತುಪ್ಪಳ’ವೋ, ಸುಡುಗಾಡಿನ ಹಾಗೆ ಆದೇಶ ಸಂಧಿ ಮಾಡಿ ‘ಏರುದುಪ್ಪಳ’ವೋ? ವ್ಯಾಕರಣ ಬಲ್ಲವರು ಹೇಳಬೇಕು. ನನ್ನ ಕಿವಿ ಮೊದಲನೆಯದನ್ನೇ ಕೇಳುತ್ತದೆ.

‘ಟೂರಿಂಗ್’ಗೆ ‘ಪ್ರವಾಸ’ ಬೇಡ, ಎರಡು ಗಂಟೆಯ ಹತ್ತಾಟಕ್ಕೆ ಅದು ಹೊಂದುವುದಿಲ್ಲ. ‘ಏರಿಳಿತ’ ಎಷ್ಟು ಚೆಂದದ ಪದ, ಆದರೆ ಅದನ್ನು ಬೆಲೆಗೂ ಅಲೆಗೂ ಆಗಲೇ ಕೊಟ್ಟಾಗಿದೆ. ‘ಸ್ಕೀ ಚಾರಣ’ ಇರಲಿ. ಸ್ಕೀಯನ್ನು ಮುಟ್ಟುವುದು ಬೇಡ. ಅದು ಹಳೆಯ ನಾರ್ಸ್ ಭಾಷೆಯಲ್ಲಿ ‘ಸೀಳಿದ ಮರ’ ಅಂತಿದ್ದದ್ದು, ಲೋಕವೆಲ್ಲ ಹಾಗೇ ತೆಗೆದುಕೊಂಡಿದೆ.

ಅಪಾಯದ ಮಾತುಗಳಲ್ಲಿ ಮಾತ್ರ ಹೊಸ ಪದ ಕಟ್ಟುವುದಕ್ಕೆ ನಾನು ಒಪ್ಪುವುದಿಲ್ಲ. ‘ಹಿಮಪಾತ’ವನ್ನು ಮಂಜು ಬೀಳುವುದಕ್ಕೂ ಗುಡ್ಡದಿಂದ ಮಂಜು ಕುಸಿದು ಬರುವುದಕ್ಕೂ ಬಳಸುತ್ತಾರೆ. ಟಿಪ್ಪಣಿಯಲ್ಲಿ ಎರಡನೆಯದಕ್ಕೆ ‘ಹಿಮಕುಸಿತ’ ಅಂತ ಮಾತ್ರ ಬರೆದಿದ್ದೇನೆ. ವಸಂತದ ಮಧ್ಯಾಹ್ನ, ನೀರು ಕುಡಿದು ಭಾರವಾದ ಮಂಜು ತಾನಾಗಿ ಕುಸಿಯುತ್ತದೆ. ಅಂಥ ಜಾಗದಲ್ಲಿ ಎರಡರ್ಥದ ಪದ ಇರಬಾರದು.

ಇದಕ್ಕಿಂತ ಹೆಚ್ಚು ಕಾಡುತ್ತಿರುವುದು ‘ದಾರಿ ಮುಚ್ಚಿದೆ’ ಅನ್ನುವ ಫಲಕ. ಲಿಫ್ಟ್ ನಿಂತಿದೆ, ನಡೆದು ಹೋಗಬಹುದು ಅಂತಲೇ ಹೊಸಬರು ಓದಿಕೊಳ್ಳುತ್ತಾರೆ. ಅಸಲು ಸಂಗತಿ ಹೀಗಿದೆ. ಕಡಿದಾದ ಇಳಿಜಾರಿನಲ್ಲಿ ಮಟ್ಟಸ ಮಾಡುವ ಯಂತ್ರವನ್ನು ಮೇಲೆಲ್ಲೋ ಗೂಟಕ್ಕೆ ಉಕ್ಕಿನ ಹಗ್ಗದಿಂದ ಬಿಗಿದಿರುತ್ತಾರೆ. ಹಗ್ಗ 1000 ಮೀಟರ್‌ವರೆಗೂ ಇರಬಹುದು. ಯಂತ್ರ ಗುಡ್ಡದ ಆಚೆ ಇದ್ದು ಕಣ್ಣಿಗೆ ಬೀಳದೇ ಇರಬಹುದು, ಹಗ್ಗ ಮಂಜಿನೊಳಗೆ ಹೂತಿರಬಹುದು. ಯಂತ್ರ ತಿರುಗಿದೊಡನೆ ಅದು ಬಿಗಿದು ಮೇಲಕ್ಕೆ ಚಿಮ್ಮುತ್ತದೆ. ಕತ್ತಲಲ್ಲಿ ಇಳಿಯುವವರಿಗೆ ಕಾಣುವುದಿಲ್ಲ. ಇದರಿಂದ ಜನ ಸತ್ತಿದ್ದಾರೆ. ‘ಕೇಬಲ್’ ಅಂದರೆ ನಮಗೆ ವಿದ್ಯುತ್ತು, ಟಿವಿ ನೆನಪಾಗುತ್ತದೆ. ‘ತಂತಿ’ ತೀರಾ ಸಣ್ಣದಾಯಿತು. ‘ಮಿಣಿ’ ನನಗೆ ಇಷ್ಟ, ಎಳೆಯುವ ಹಗ್ಗಕ್ಕೆ ಹೇಳಿಮಾಡಿಸಿದ ಪದ, ಆದರೆ ಎಷ್ಟು ಮಂದಿಗೆ ಗೊತ್ತು? ‘ಯಂತ್ರ ಓಡುತ್ತಿದೆ. ಉಕ್ಕಿನ ಹಗ್ಗ ಇದೆ. ಈ ದಾರಿಗೆ ಕಾಲಿಡಬೇಡಿ’ ಅಂತ ಬರೆದಿದ್ದೇನೆ. ಇದಕ್ಕಿಂತ ಚಿಕ್ಕದಾಗಿ, ಇದಕ್ಕಿಂತ ಗಟ್ಟಿಯಾಗಿ ಹೇಳಲು ಬರುವುದಾದರೆ ಮೊದಲು ಅದನ್ನು ತಿಳಿಸಿ.

ಉಳಿದದ್ದರಲ್ಲಿ ಹರಳುಮಂಜು, ಮರುಹೆಪ್ಪು, ತುಪ್ಪಳ, ಈ ಮೂರರ ಬಗ್ಗೆ ನಿಮ್ಮ ಕಿವಿ ಏನನ್ನುತ್ತದೆ? ‘ತುಪ್ಪಳ’ವನ್ನು ಹಕ್ಕಿಯ ಮೆತ್ತನೆ ಗರಿಗೆ ಮಾತ್ರ ಬಳಸುವವರು ಯಾರಾದರೂ ಇದ್ದರೆ ಖಂಡಿತ ಬರೆಯಿರಿ. ಹಾಗಿದ್ದರೆ ಟಿಪ್ಪಣಿಯಲ್ಲಿ ಒಂದು ಚಿತ್ರವನ್ನೂ ಹಾಕುತ್ತೇನೆ.