ಒಂಟಿಮನೆಯ ನಾಲ್ಕು ಜನ ಜನಗಣತಿಯಲ್ಲಿ ಬಿಟ್ಟುಹೋದರೆ ಊರಿಗೇನು ನಷ್ಟ?

ಪ್ರಶ್ನೆ: ನಮಸ್ಕಾರ ಸರ್. ಹೊಸನಗರ ತಾಲ್ಲೂಕಿನಲ್ಲಿ ಗುಡ್ಡದ ಬದಿಯ ಒಂಟಿಮನೆ ನಮ್ಮದು. ಕೊಟ್ಟಿಗೆ ಬಗರ್‌ಹುಕುಂ ಜಾಗದಲ್ಲಿರುವುದರಿಂದ, ಜನಗಣತಿಗೆ ವಿವರ ಕೊಟ್ಟರೆ ತೊಂದರೆಯಾದೀತೆಂದು ತಂದೆಯವರು ಹೆದರುತ್ತಿದ್ದಾರೆ. ನಾವು ನಾಲ್ಕು ಜನ ಬಿಟ್ಟುಹೋದರೆ ಊರಿಗೇನು ನಷ್ಟ? ಬೆಂಗಳೂರಿನಲ್ಲಿ ಕೆಲಸದಲ್ಲಿರುವ ತಮ್ಮನನ್ನು ಇಲ್ಲಿಯೇ ಬರೆಸಬಹುದೇ?

ಉತ್ತರ (ನಿವೃತ್ತ ಶಿಕ್ಷಕರು, 2011ರ ಗಣತಿಯಲ್ಲಿ ಮೇಲ್ವಿಚಾರಕರು): ನಿಮ್ಮ ತಂದೆಯವರ ಭಯವನ್ನು ನಾನು ಹಲವು ಜಗುಲಿಗಳಲ್ಲಿ ಕೇಳಿದ್ದೇನೆ. ಗಣತಿದಾರರು ಪಹಣಿಯನ್ನಾಗಲಿ ಸರ್ವೆ ನಂಬರನ್ನಾಗಲಿ ಕೇಳುವುದಿಲ್ಲ. 1948ರ ಜನಗಣತಿ ಕಾಯ್ದೆಯ 15ನೇ ಕಲಮಿನ ಪ್ರಕಾರ ಅವರು ಬರೆದುಕೊಂಡದ್ದನ್ನು ತೆರೆದು ನೋಡುವ ಹಕ್ಕು ಹೊರಗಿನ ಯಾರಿಗೂ ಇಲ್ಲ. ಜಮೀನಿನ ವ್ಯಾಜ್ಯದಲ್ಲಿ ಅದು ಸಾಕ್ಷ್ಯವಾಗಿಯೂ ನಿಲ್ಲುವುದಿಲ್ಲ. ಇದನ್ನು ದಯವಿಟ್ಟು ಅವರಿಗೆ ಓದಿ ಹೇಳಿ.

ನಷ್ಟದ ವಿಚಾರ ಇನ್ನೂ ಗಂಭೀರವಾದದ್ದು. ನಮ್ಮ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಬಯಲುಸೀಮೆಯ ಗ್ರಾಮ ಪಂಚಾಯಿತಿಗೆ ಕನಿಷ್ಠ 5,000 ಜನರಿರಬೇಕೆಂದಿದ್ದರೆ, ಮನೆಗಳು ಚದುರಿರುವ ಶಿವಮೊಗ್ಗದಂತಹ ಮಲೆನಾಡು ಜಿಲ್ಲೆಗಳಿಗೆ 2,500 ಸಾಕೆಂಬ ರಿಯಾಯಿತಿ ಇದೆ. ಸದಸ್ಯರ ಲೆಕ್ಕ 400 ಜನರಿಗೆ ಅಥವಾ ಅದರ ಭಾಗಕ್ಕೆ ಒಬ್ಬರಂತೆ. ಅಂದರೆ 2,800 ಜನರಿದ್ದಲ್ಲಿ ಏಳು ಸದಸ್ಯರು, 2,801 ಆದರೆ ಎಂಟು. ಆರೋಗ್ಯ ಉಪಕೇಂದ್ರಕ್ಕೂ ಬಯಲಿನಲ್ಲಿ 5,000, ಗುಡ್ಡಗಾಡಿನಲ್ಲಿ 3,000 ಜನರೆಂಬ ಮಾನದಂಡವಿದೆ. ಮಳೆಗಾಲದಲ್ಲಿ ಹಳ್ಳ ದಾಟಿ ಬಸುರಿಯನ್ನು ಕರೆದೊಯ್ದವರಿಗೆ ಈ ಅಂಕಿಯ ಬೆಲೆ ತಿಳಿದಿರುತ್ತದೆ. ನಡುವೆ ಹೊಸ ಗಣತಿ ನಡೆಯದೆ ಇಂತಹ ಲೆಕ್ಕಗಳೆಲ್ಲ 2011ರ ಸಂಖ್ಯೆಯ ಮೇಲೆಯೇ ನಿಂತಿದ್ದವು; ಆದ್ದರಿಂದ 2027ರ ಗಣತಿಯಲ್ಲಿ ಬಿಟ್ಟುಹೋದ ಮನೆ ಹಲವು ವರ್ಷ ಲೆಕ್ಕದ ಹೊರಗೇ ಉಳಿಯುತ್ತದೆ.

ನಿಮ್ಮ ತಮ್ಮನನ್ನು ಮಾತ್ರ ಇಲ್ಲಿ ಬರೆಸಬೇಡಿ. ಅವರು ವಾಸವಿರುವಲ್ಲಿಯೇ ಎಣಿಕೆಯಾಗಬೇಕು. ಎರಡು ಕಡೆ ಬರೆಸುವುದು ತಪ್ಪು.

ಪ್ರಶ್ನೆ: 2025ರಲ್ಲಿ ಮನೆಗೆ ಬಂದು ಎಲ್ಲವನ್ನೂ ಬರೆದುಕೊಂಡು ಹೋಗಿದ್ದರಲ್ಲ, ಸರ್? ನಮ್ಮ ತೋಟದ ಲೈನ್‌ಮನೆಯಲ್ಲಿರುವ ಕೆಲಸದವರನ್ನು ಎಲ್ಲಿ ಎಣಿಸುತ್ತಾರೆ?

ಉತ್ತರ: ಅದು ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ, ಇದು ಕೇಂದ್ರದ ಜನಗಣತಿ. ಒಂದರ ಉತ್ತರ ಇನ್ನೊಂದಕ್ಕೆ ಸಲ್ಲುವುದಿಲ್ಲ. ಲೈನ್‌ಮನೆಯಲ್ಲಿಯೇ ಸಂಸಾರ ಹೂಡಿರುವವರು ಇಲ್ಲಿಯವರೇ ಆಗಿ ಎಣಿಕೆಯಾಗಬೇಕು. ನನ್ನ ಅನುಭವದಲ್ಲಿ ಕೈತಪ್ಪುತ್ತಿದ್ದುದು ಅವರು ಮತ್ತು ಕಾಡಂಚಿನ ಹಸಲರೆಂಬ ಬುಡಕಟ್ಟಿನವರ ಕೇರಿಗಳು. ಬೆಳಿಗ್ಗೆಯೇ ಕೆಲಸಕ್ಕೆ ಹೋಗುವ ಮನೆಗಳಿಗೆ ಬೀಗ ಬಿದ್ದಿರುತ್ತಿತ್ತು. ಗಣತಿದಾರರು ಬಂದಾಗ ಆ ದಾರಿಯನ್ನು ನೀವೇ ತೋರಿಸಿ, ಸಂಜೆ ಜನ ಸಿಗುವ ಹೊತ್ತನ್ನೂ ತಿಳಿಸಿ.