ಪದಚರ್ಚೆ: ‘ಬ್ಯಾಕ್ ಟೆನ್ಶನ್ ರಿಲೀಸ್’ಗೆ ಕನ್ನಡದಲ್ಲಿ ಏನನ್ನೋಣ?

ವಿ.:
ಅಮೆರಿಕದ ಬಿಲ್ಲುಬೇಟೆಯ ವಿಡಿಯೊ ಒಂದಕ್ಕೆ ಸಬ್‌ಟೈಟಲ್ ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ಕೊಡಬೇಕು. ಕಾಂಪೌಂಡ್ ಬಿಲ್ಲಿನ (ತುದಿಗಳಲ್ಲಿ ಗಾಲಿ ಇರುವ ಬಿಲ್ಲು) ಹೆದೆಯನ್ನು ಬರಿ ಬೆರಳಲ್ಲಿ ಎಳೆಯುವುದಿಲ್ಲ ಅಲ್ವಾ, ಕೈಯಲ್ಲಿ ಹಿಡಿದ ಕೊಕ್ಕೆಯಿಂದ ಎಳೆಯುತ್ತಾರೆ, ಅದೇ ‘ರಿಲೀಸ್’. ‘ಬ್ಯಾಕ್ ಟೆನ್ಶನ್’ ಬಗೆಯ ಕೊಕ್ಕೆಗೆ ಟ್ರಿಗರ್ ಇಲ್ಲ. ಬೆನ್ನು ಬಿಗಿಯುತ್ತಾ ಹೋದಂತೆ ಹಿಡಿ ಒಂಚೂರು ತಿರುಗುತ್ತದೆ, ಒಳಗಿನ ಅರ್ಧಚಂದ್ರದ (ಆ ಆಕಾರದ ಲೋಹದ ಚೂರು) ಅಂಚಿನಿಂದ ಕೊಕ್ಕೆ ಜಾರುತ್ತದೆ, ಬಾಣ ಹೊರಡುತ್ತದೆ. ‘ಬೆನ್ನುಬಿಗಿತದ ಬಿಡುಗಡೆ’ ಅಂತ ಹಾಕಿದ್ದೇನೆ. ನಡೆಯುತ್ತದಾ? ಸಾಲಲ್ಲಿ ಜಾಗ ಕಡಿಮೆ.

ಗು.:
ಅದು ನೋವಿನ ಮುಲಾಮಿನ ಜಾಹೀರಾತು. ಬಿಡುಗಡೆ ಆಗುವುದು ಕೈದಿಗಳಿಗೆ, ಪುಸ್ತಕಗಳಿಗೆ. ‘ಬಿಡುಗಣ್ಣು’ ಇದ್ದ ಹಾಗೆ ‘ಬಿಡುಗೊಕ್ಕೆ’. ಮುಗಿಯಿತು.

ರಾ.:
ಮುಗಿಯಲಿಲ್ಲ. ಮಣಿಕಟ್ಟಿಗೆ ಕಟ್ಟಿಕೊಂಡು ತೋರುಬೆರಳಲ್ಲಿ ಒತ್ತುವುದೂ ಬಿಡುಗೊಕ್ಕೆಯೇ. ಬೇಟೆಯವರು ಜಾಸ್ತಿ ಬಳಸುವುದು ಅದನ್ನೇ. ಮಲೆನಾಡಲ್ಲಿ ಕೋವಿಯ ಟ್ರಿಗರ್‌ಗೆ ಕುದುರೆ ಅನ್ನುತ್ತೇವೆ, ಆ ಲೆಕ್ಕದಲ್ಲಿ ಇದು ‘ಕುದುರೆಯಿಲ್ಲದ ಬಿಡುಗೊಕ್ಕೆ’. ಉದ್ದವಾಯಿತು. ಬೆನ್ನಿನ ಬಿಗಿ ಎಂಬುದು ಬಿಡುವ ರೀತಿಯೇ ಹೊರತು ಸಾಮಾನಿನ ಹೆಸರಲ್ಲ, ಬಿಲ್ಲುಗಾರರೇ ಇದನ್ನು ಹಿಂಜ್, ಅಂದರೆ ಕೀಲು, ಅನ್ನುತ್ತಾರೆ. ಹಾಗಾಗಿ ‘ಕೀಲುಗೊಕ್ಕೆ’.

ಇನ್ನೊಂದು. ಅರ್ಧಚಂದ್ರ ಬೇಗ ಜಾರುವಂತೆ ಕೂರಿಸಿದರೆ ಅವರು ‘ಹಾಟ್’ ಅನ್ನುತ್ತಾರೆ. ಸುಮ್ನೆ ‘ಬಿಸಿ’ ಅಂತ ಹಾಕಬೇಡಿ, ‘ಚುರುಕು’ ಸಾಕು. ಎಳೆಯುವಾಗ ಹೆಬ್ಬೆರಳು ಹಿಡಿಯ ಗೂಟದ ಮೇಲೇ ಇರಬೇಕು ಅನ್ನುವ ಸಾಲನ್ನಂತೂ ಬಿಡಲೇಬೇಡಿ. ಅರ್ಧ ಎಳೆದಾಗ ಜಾರಿದರೆ ಅವರ ಮುಷ್ಟಿ ಅವರ ಮೂತಿಗೇ ಬೀಳುತ್ತದೆ. ಬಿಲ್ಲು ಮುಟ್ಟುವ ಮೊದಲು ಹಗ್ಗದ ಕುಣಿಕೆಯಲ್ಲಿ ಅಭ್ಯಾಸ ಮಾಡಿಸುವುದು ಅದಕ್ಕೇ.

ಗು.:
ಕೀಲು ಒಪ್ಪಿದೆ. ಅರ್ಧಚಂದ್ರ ಯಾಕೆ? ‘ಅರೆದಿಂಗಳು’ ಅನ್ನಿ.

ರಾ.:
ಹದಿನೈದು ದಿನ ಅಂತ ಓದುತ್ತಾರೆ.

ಮ.:
ವನ್ಯಜೀವಿ ಕಾಯ್ದೆಯ ಪ್ರಕಾರ ನಮ್ಮಲ್ಲಿ ಬೇಟೆ ನಿಷಿದ್ಧ. ಇಲ್ಲದ ಕಸುಬಿಗೆ ಪದ ಯಾಕೆ ಕಟ್ಟುವುದು? ರಿಲೀಸ್ ಅಂತಲೇ ಬಿಡಿ.

ರಾ.:
ಬೇಟೆ ಇಲ್ಲದಿದ್ದರೂ ಬಿಲ್ಲು ಇದೆ ಸಾರ್. 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಬರುತ್ತಿದೆ. ಆಗ ಪತ್ರಿಕೆಯವರು ಏನು ಬರೆಯಬೇಕು?

ಮ.:
ರಿಲೀಸ್ ಅಂತ ಬರೆಯುತ್ತಾರೆ. ಬಸ್ಸು, ಪೆನ್ನು ನುಂಗಿದ ಭಾಷೆಗೆ ಇದೊಂದು ದೊಡ್ಡದಾ? ಹಳಗನ್ನಡದಲ್ಲಿ ಹೆದೆಗೆ ‘ಗೊಣೆಯ’ ಅಂತಲೂ ಇತ್ತು. ಅದು ಸಂಸ್ಕೃತದ ‘ಗುಣ’. ಆ ಕವಿಗಳಿಗೆ ಆಗದ ಮೈಲಿಗೆ ನಿಮಗೆ ಯಾಕೋ!

ಗು.:
ಹೆದೆ ಇದ್ದೇ ಇತ್ತಲ್ಲ. ಮನೆಯಲ್ಲಿದ್ದುದನ್ನು ಬಿಟ್ಟು ಸಾಲ ತರುವುದಕ್ಕೆ ನನ್ನ ತಕರಾರು.

ಮ.:
‘ತಕರಾರು’ ಅರಬ್ಬಿ.

ವಿ.:
ಕೀಲುಗೊಕ್ಕೆ, ಅರ್ಧಚಂದ್ರ, ಚುರುಕು ಹಾಕುತ್ತೇನೆ. ಬೆನ್ನಿನ ಮಾತು ಬಂದಲ್ಲಿ ‘ಹೆಗಲ ಮೂಳೆಗಳನ್ನು ಹತ್ತಿರ ತನ್ನಿ’ ಅಂತ ಬಿಡಿಸಿ ಬರೆದಿದ್ದೇನೆ. ಕೊಕ್ಕೆ ಸಿಕ್ಕಿಸಲು ಹೆದೆಗೆ ಕಟ್ಟುವ ಡಿ-ಲೂಪ್ ಒಂದು ಉಳಿಯಿತು. ‘ಹೆದೆಗುಣಿಕೆ’ ಆಗಬಹುದಾ?

ಗು.:
ಆಗಬಹುದು.

ಮ.:
ಡಿ-ಲೂಪ್.