ಮನೆಯಲ್ಲೇ ಕಲಿಕೆ: ವೇಳಾಪಟ್ಟಿಯನ್ನು ಎಲ್ಲಿಯವರೆಗೆ ಸಡಿಲಿಸಬಹುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನ್ನ ಒಂಬತ್ತು ವರ್ಷದ ಮಗಳು ಮತ್ತು ಆರು ವರ್ಷದ ಮಗನಿಗೆ ಕಳೆದ ಎಂಟು ತಿಂಗಳಿಂದ ಮನೆಯೇ ಶಾಲೆ. ಮಗಳು ಮೂರು ವರ್ಷ ಶಾಲೆಗೆ ಹೋಗಿ ಬಂದವಳು. ಮಗ ಶಾಲೆಯ ಮೆಟ್ಟಿಲು ಹತ್ತಿದವನೇ ಅಲ್ಲ. ಆರಂಭದಲ್ಲಿ ಗೋಡೆಗೆ ವೇಳಾಪಟ್ಟಿ ಅಂಟಿಸಿ, ನಲವತ್ತು ನಿಮಿಷಕ್ಕೊಂದು ವಿಷಯದಂತೆ ಪಾಠ ನಡೆಸಿದೆ. ಮಧ್ಯಾಹ್ನದ ಹೊತ್ತಿಗೆ ಮಕ್ಕಳ ಕಣ್ಣಲ್ಲಿ ನೀರು, ನನ್ನ ಗಂಟಲಲ್ಲಿ ಕೂಗು. ಹಾಳೆ ಮುಗಿಸಿದರೆ ನಕ್ಷತ್ರದ ಚೀಟಿ ಅಂಟಿಸುವ ಉಪಾಯವೂ ಎರಡು ವಾರಕ್ಕಿಂತ ಹೆಚ್ಚು ಬಾಳಲಿಲ್ಲ. ಕೊನೆಗೆ ಎಲ್ಲವನ್ನೂ ಕಿತ್ತುಹಾಕಿ, ದಿನನಿತ್ಯದ ಕೆಲಸಗಳಿಂದಲೇ ಕಲಿಯಲಿ ಎಂದು ಬಿಟ್ಟುಬಿಟ್ಟೆ.

ಈಗ ಮನೆ ಶಾಂತವಾಗಿದೆ, ಮಕ್ಕಳೂ ಗೆಲುವಾಗಿದ್ದಾರೆ. ಆದರೆ ಕಳೆದ ವಾರ ನಡೆದ ಸಣ್ಣ ಸಂಗತಿಯೊಂದು ನನ್ನ ನಿದ್ದೆ ಕೆಡಿಸಿದೆ. ಅರ್ಧ, ಕಾಲು ಅಳತೆಯ ಲೋಟಗಳನ್ನು ಮಗಳು ತಿಂಗಳುಗಟ್ಟಲೆಯಿಂದ ಅಡುಗೆಮನೆಯಲ್ಲಿ ಬಳಸುತ್ತಿರುವುದರಿಂದ ಭಿನ್ನರಾಶಿ ತಾನಾಗಿಯೇ ಬಂದಿರಬೇಕೆಂದು ನಾನು ನಂಬಿದ್ದೆ. ಮೂರನೇ ಒಂದು ಭಾಗ ದೊಡ್ಡದೋ ನಾಲ್ಕನೇ ಒಂದು ಭಾಗ ದೊಡ್ಡದೋ ಎಂದು ಕೇಳಿದಾಗ, "ನಾಲ್ಕನೇ ಒಂದು. ನಾಲ್ಕು ಮೂರಕ್ಕಿಂತ ದೊಡ್ಡದಲ್ಲವೇನಮ್ಮ?" ಎಂದಳು. ಮಗನಂತೂ ಎಷ್ಟು ಹೊತ್ತು ಬೇಕಾದರೂ ಕಥೆ ಕೇಳುತ್ತಾನೆ, ಆದರೆ ತಾನೇ ಓದಲು ಕೂತರೆ ಮೊದಲ ಒತ್ತಕ್ಷರಕ್ಕೇ ಪುಸ್ತಕ ಮುಚ್ಚುತ್ತಾನೆ. ಗೋಡೆಯ ವೇಳಾಪಟ್ಟಿಗೆ ಮರಳುವ ಮನಸ್ಸು ನನಗಿಲ್ಲ. ಹಾಗೆಂದು ಸುಮ್ಮನಿರಲೂ ಧೈರ್ಯವಿಲ್ಲ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1

ಅಮ್ಮಾ, ನಾನು ಹನ್ನೆರಡು ವರ್ಷ ಇಬ್ಬರು ಮಕ್ಕಳನ್ನು ಮನೆಯಲ್ಲಿ ಓದಿಸಿದ ತಂದೆ. ನಿಮಗಾದ ಗಾಬರಿ ನನಗೂ ಆಗಿತ್ತು, ನನ್ನದು ಇನ್ನಷ್ಟು ತಡವಾಗಿ ಆಯಿತು. ಶಿಕ್ಷಕರಾಗಿದ್ದ ಜಾನ್ ಹೋಲ್ಟ್ 1977ರಲ್ಲಿ 'ಅನ್‌ಸ್ಕೂಲಿಂಗ್' ಎಂಬ ಪದವನ್ನು ಬಳಕೆಗೆ ತಂದಾಗಿನಿಂದ, ಮಗು ತನಗೆ ಬೇಕಾದುದನ್ನು ಬೇಕಾದಾಗ ಕಲಿಯುತ್ತದೆ ಎಂಬ ಮಾತನ್ನು ನಮ್ಮಂಥವರು ಬಹಳ ಕೇಳಿದ್ದೇವೆ. ನಾನು ಅದನ್ನು ಅಕ್ಷರಶಃ ನಂಬಿ ಭಾಗಾಕಾರಕ್ಕಾಗಿ ಕಾದೆ. ಮಗನಿಗೆ ಹನ್ನೊಂದು ತುಂಬಿದರೂ ಅದು ಬೇಕೆನಿಸಲಿಲ್ಲ. ಯಾಕೆಂದರೆ ಹಂಚಬೇಕಾದ ಸಂದರ್ಭ ಬಂದಾಗಲೆಲ್ಲ ಅವನ ಅಕ್ಕ ಉತ್ತರ ಹೇಳಿಬಿಡುತ್ತಿದ್ದಳು!

ಆಮೇಲೆ ನಾನು ಕಂಡುಕೊಂಡದ್ದು ಇಷ್ಟು. ಕಲಿಕೆಯಲ್ಲಿ ಒಂದರ ಮೇಲೊಂದು ಕಟ್ಟಬೇಕಾದ ಸಂಗತಿಗಳೂ ಇವೆ, ಎಲ್ಲಿಂದ ಬೇಕಾದರೂ ಹಿಡಿಯಬಹುದಾದ ಸಂಗತಿಗಳೂ ಇವೆ. ಮಳೆ, ಇರುವೆ, ರಾಜರು, ಭೂಪಟ, ಗ್ರಹಣ, ಇವಕ್ಕೆ ಕ್ರಮ ಬೇಕಿಲ್ಲ. ಮಗುವಿನ ಪ್ರಶ್ನೆ ಯಾವ ದಿಕ್ಕಿಗೆ ಎಳೆದರೆ ಆ ದಿಕ್ಕಿಗೆ ಹೋಗಬಹುದು. ಓದು, ಬರಹ ಮತ್ತು ಲೆಕ್ಕ ಮಾತ್ರ ಹಾಗಲ್ಲ. ಸ್ಥಾನಬೆಲೆ ತಿಳಿಯದೆ ದಶಮಾಂಶ ನಿಲ್ಲದು, ಗುಣಾಕಾರ ಕೈಗೆ ಬಾರದೆ ಭಿನ್ನರಾಶಿ ಮುಂದೆ ಸಾಗದು. ಆದ್ದರಿಂದ ಈ ಎರಡು ಮೂರಕ್ಕೆ ದಿನವೂ ಸ್ವಲ್ಪ ಹೊತ್ತು ಕಟ್ಟುನಿಟ್ಟಾಗಿ ಮೀಸಲಿಟ್ಟು, ಉಳಿದ ದಿನವನ್ನು ಮಕ್ಕಳಿಗೇ ಬಿಟ್ಟುಕೊಡುವುದು ನಮ್ಮ ಮನೆಯಲ್ಲಿ ನಿಂತ ಪದ್ಧತಿ. ನಲವತ್ತು ನಿಮಿಷ ಖಂಡಿತ ಬೇಡ. ಶಾರ್ಲೆಟ್ ಮೇಸನ್ ಎಂಬ ಶಿಕ್ಷಣತಜ್ಞೆ ನೂರು ವರ್ಷಕ್ಕೂ ಹಿಂದೆಯೇ ಚಿಕ್ಕ ಮಕ್ಕಳಿಗೆ ಇಪ್ಪತ್ತು ನಿಮಿಷ ಮೀರದ ಪಾಠಗಳನ್ನು ಸೂಚಿಸಿದ್ದರು, ಮತ್ತು ಪಾಠ ಮುಗಿದ ಮೇಲೆ ಪ್ರಶ್ನೆಪತ್ರಿಕೆಯ ಬದಲು ಕೇಳಿದ್ದನ್ನು ಮಗು ತನ್ನ ಮಾತಿನಲ್ಲಿ ಮರಳಿ ಹೇಳಬೇಕು ಎನ್ನುತ್ತಿದ್ದರು. ಅರ್ಥವಾಗಿದೆಯೋ ಇಲ್ಲವೋ ಎಂದು ತಿಳಿಯಲು ನನಗೆ ಇದಕ್ಕಿಂತ ಒಳ್ಳೆಯ ಉಪಾಯ ಸಿಕ್ಕಿಲ್ಲ.

ಇನ್ನು ನಿಮ್ಮ ಮಗಳ ಉತ್ತರ. ಅದು ಬೇಜವಾಬ್ದಾರಿಯ ಉತ್ತರವಲ್ಲ. ಪೂರ್ಣಸಂಖ್ಯೆಗಳ ನಿಯಮವನ್ನು ಹೊಸ ಜಾಗಕ್ಕೆ ಒಯ್ದಿದ್ದಾಳೆ, ಶಾಲೆಯ ಮಕ್ಕಳೂ ಹೀಗೇ ಎಡವುತ್ತಾರೆ. ಲೋಟ ಅವಳಿಗೆ ಅಳತೆಯ ಹೆಸರನ್ನು ಕಲಿಸಿದೆ, ಹೋಲಿಕೆಯನ್ನು ಕಲಿಸಿಲ್ಲ. ಒಂದೇ ಉದ್ದದ ನಾಲ್ಕು ಕಾಗದದ ಪಟ್ಟಿಗಳನ್ನು ಕತ್ತರಿಸಿ. ಒಂದನ್ನು ಹಾಗೇ ಇಟ್ಟು, ಎರಡನೆಯದನ್ನು ಅರ್ಧಕ್ಕೆ, ಮೂರನೆಯದನ್ನು ಮೂರು ಸಮಪಾಲಾಗಿ, ನಾಲ್ಕನೆಯದನ್ನು ನಾಲ್ಕು ಸಮಪಾಲಾಗಿ ಅವಳೇ ಮಡಚಲಿ, ಮೂರಕ್ಕೆ ಮಡಚಲು ಅವಳು ಪಡುವ ಪಾಡೇ ಅರ್ಧ ಪಾಠ. ಒಂದೊಂದು ಪಾಲನ್ನು ಕತ್ತರಿಸಿ ಒಂದರ ಮೇಲೊಂದು ಇಟ್ಟು ನೋಡಿದ ಬಳಿಕ, ಕಾಗದವಿಲ್ಲದೆ ಐದನೇ ಒಂದು, ಆರನೇ ಒಂದು ಕೇಳಿ. ಸರಿ ಹೇಳಿದಳೆಂದು ಅಲ್ಲಿಗೇ ಬಿಡಬೇಡಿ. ಕಲಿತದ್ದು ಮೊದಲ ಒಂದೆರಡು ದಿನಗಳಲ್ಲೇ ವೇಗವಾಗಿ ಮರೆತುಹೋಗುತ್ತದೆಂದು ಮನಶ್ಶಾಸ್ತ್ರಜ್ಞ ಹರ್ಮನ್ ಎಬ್ಬಿಂಗ್‌ಹೌಸ್ ತಮ್ಮ ಮೇಲೆಯೇ ಪ್ರಯೋಗ ನಡೆಸಿ 1885ರಲ್ಲಿ ತೋರಿಸಿದ್ದಾರೆ. ಮೂರು ದಿನ ಬಿಟ್ಟು, ವಾರ ಬಿಟ್ಟು, ತಿಂಗಳು ಬಿಟ್ಟು ಮತ್ತೆ ಕೇಳಿದರೆ ಉಳಿಯುತ್ತದೆ. ದೈನಂದಿನ ಕಲಿಕೆಯ ದೊಡ್ಡ ಕೊರತೆ ಇದೇ: ಒಂದು ಸಂದರ್ಭ ಒಮ್ಮೆ ಬರುತ್ತದೆ, ಮತ್ತೆ ಯಾವಾಗ ಬರುತ್ತದೋ ಯಾರಿಗೆ ಗೊತ್ತು. ಆ ಮರುಕಳಿಕೆಯನ್ನು ನಾವೇ ಒದಗಿಸಬೇಕು, ಅದಕ್ಕಾಗಿ ರಾತ್ರಿ ಎರಡು ಸಾಲಿನ ದಿನಚರಿ ಬರೆದಿಡಿ.

ಉತ್ತರ 2

ಬಹಳ ವರ್ಷ ಒಂದನೇ, ಎರಡನೇ ತರಗತಿಗೆ ಪಾಠ ಮಾಡಿದವಳಾಗಿ ನಿಮ್ಮ ಮಗನ ವಿಷಯಕ್ಕಷ್ಟೇ ಉತ್ತರಿಸುತ್ತೇನೆ. ಆರು ವರ್ಷಕ್ಕೆ ಸರಾಗವಾಗಿ ಓದದಿರುವುದು ತಡವೇನೂ ಅಲ್ಲ. ಆದರೆ ಮಾತು ಬಂದ ಹಾಗೆ ಓದೂ ತಾನಾಗಿ ಬರುತ್ತದೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಾತು ಮನುಷ್ಯನಿಗೆ ಸಹಜವಾಗಿ ಬಂದದ್ದು, ಲಿಪಿಯಾದರೋ ಸುಮಾರು 5,000 ವರ್ಷಗಳ ಹಿಂದೆ ಕಟ್ಟಿಕೊಂಡದ್ದು. ಕೆಲವು ಮಕ್ಕಳು ಯಾರೂ ಕಲಿಸದೆಯೇ ಓದಿಬಿಡುವುದನ್ನು ಕಂಡಿದ್ದೇನೆ. ಹೆಚ್ಚಿನವರಿಗೆ ಅಕ್ಷರಕ್ಕೂ ಧ್ವನಿಗೂ ಇರುವ ನಂಟನ್ನು ಒಬ್ಬರು ಕೂತು ತೋರಿಸಿಕೊಡಬೇಕಾಗುತ್ತದೆ.

ಅವನು ನಿಲ್ಲುವುದು ಒತ್ತಕ್ಷರದಲ್ಲಿ ಎಂದಾದರೆ ಕಾಗುಣಿತದವರೆಗೆ ಬಂದಿದ್ದಾನೆಂದು ಅರ್ಥ, ಅದು ಒಳ್ಳೆಯ ಸುದ್ದಿ. ಮೊದಲು ಪುಸ್ತಕವಿಲ್ಲದೆ ಕಿವಿಯಲ್ಲಿ ಆಡಿಸಿ: 'ಅಕ' ಮತ್ತು 'ಅಕ್ಕ', 'ಹತಿ' ಮತ್ತು 'ಹತ್ತಿ', ಎಲ್ಲಿ ನಾಲಿಗೆ ಒತ್ತಿ ನಿಂತಿತು ಎಂದು ಕೇಳಿ. ನಂತರ ಸಜಾತಿ ಒತ್ತುಗಳು, ಅವು ಕೈಗೆ ಬಂದ ಮೇಲೆ 'ಪುಸ್ತಕ', 'ಚಂದ್ರ'ದಂತಹ ವಿಜಾತಿ ಒತ್ತುಗಳು. ದಿನಕ್ಕೆ ಹತ್ತು ನಿಮಿಷ ಸಾಕು. ಕಥೆ ಓದಿ ಹೇಳುವುದನ್ನು ಮಾತ್ರ ಯಾವ ಕಾರಣಕ್ಕೂ ನಿಲ್ಲಿಸಬೇಡಿ, ಓದಿದರಷ್ಟೇ ಕಥೆ ಎಂಬ ಷರತ್ತನ್ನೂ ಹಾಕಬೇಡಿ. ಕಣ್ಣು ಮತ್ತು ಕಿವಿಯನ್ನು ಒಮ್ಮೆ ಪರೀಕ್ಷಿಸಿಕೊಳ್ಳಿ. ಹೀಗೆ ಕ್ರಮವಾಗಿ ಕಲಿಸಿಯೂ ಎಂಟು ವರ್ಷದ ಹೊತ್ತಿಗೆ ಓದು ಕುಂಟುತ್ತಿದ್ದರೆ ಕಾಯದೆ ಕಲಿಕಾ ನ್ಯೂನತೆಯ ತಜ್ಞರನ್ನು ಕಾಣಬೇಕು, ಮನೆಯಲ್ಲಿ ಓದುವ ಮಕ್ಕಳಲ್ಲಿ ಡಿಸ್ಲೆಕ್ಸಿಯಾ, ಅಂದರೆ ಓದು ಬರಹವನ್ನು ಕಷ್ಟವಾಗಿಸುವ ಕಲಿಕಾ ನ್ಯೂನತೆ, ಗಮನಕ್ಕೆ ಬಾರದೆ ಉಳಿಯುವ ಅಪಾಯ ಹೆಚ್ಚು.

ಉತ್ತರ 3

ಮೇಲಿನ ಇಬ್ಬರು ಹಿರಿಯರ ಮಾತನ್ನೂ ಒಪ್ಪುತ್ತೇನೆ, ಆದರೂ ಒಂದು ಎಚ್ಚರಿಕೆ. ಲೋಟದಿಂದ ಭಿನ್ನರಾಶಿ ಬರಲಿಲ್ಲವೆಂದು ಇನ್ನು ಮುಂದೆ ಪ್ರತಿ ಲೋಟಕ್ಕೂ ಒಂದು ಪ್ರಶ್ನೆ ಕೇಳಲು ಹೋಗಬೇಡಿ. ನಾನು ಆ ತಪ್ಪು ಮಾಡಿದವಳು. ಮಗ ತನ್ನ ಪಾಡಿಗೆ ಸೈಕಲ್ಲಿನ ಚೈನು ಕೂರಿಸುತ್ತಿದ್ದಾಗ ಪಕ್ಕದಲ್ಲಿ ಕೂತು ಚಕ್ರದ ವ್ಯಾಸ, ಪರಿಧಿ ಎಂದು ಶುರುಮಾಡಿದೆ. ಅವನು ಚೈನನ್ನು ಅಲ್ಲೇ ಬಿಟ್ಟು ಎದ್ದುಹೋದ, ಮುಂದೆ ಎಷ್ಟೋ ದಿನ ನಾನು ಹತ್ತಿರ ಬಂದರೆ ಕೈಯಲ್ಲಿದ್ದ ಕೆಲಸ ನಿಲ್ಲಿಸುತ್ತಿದ್ದ. ಆರು ತಿಂಗಳ ನಂತರ ಸೈಕಲ್ಲಿನ ಮೀಟರಿಗೆ ಎಷ್ಟು ದೂರ ಹೋದೆವೆಂದು ಹೇಗೆ ತಿಳಿಯುತ್ತದೆ ಎಂದು ಅವನೇ ಕೇಳಿದ. ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಒಂದು ಸುತ್ತು ಉರುಳಿಸಿ, ನೆಲದ ಮೇಲಿನ ಉದ್ದವನ್ನು ಟೇಪಿನಿಂದ ಅಳೆದು ವ್ಯಾಸದಿಂದ ಭಾಗಿಸಿದೆವು. ಮೂರಕ್ಕಿಂತ ಸ್ವಲ್ಪ ಹೆಚ್ಚು ಬಂತು. ತಟ್ಟೆ, ಬಕೆಟ್ಟು, ಡಬ್ಬದ ಮುಚ್ಚಳ, ಸಿಕ್ಕಿದ್ದನ್ನೆಲ್ಲ ಅಳೆದ; ಎಲ್ಲಕ್ಕೂ ಮೂರು ಚಿಲ್ಲರೆಯೇ ಬಂದಾಗ ಅವನ ಮುಖ ನೋಡಬೇಕಿತ್ತು.

ನಕ್ಷತ್ರದ ಚೀಟಿ ಬಾಳಲಿಲ್ಲ ಎಂದಿರಿ, ಬಾಳದ್ದೇ ಒಳ್ಳೆಯದಾಯಿತು. 1973ರಲ್ಲಿ ಪ್ರಕಟವಾದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಅವರ ಪ್ರಯೋಗದಲ್ಲಿ, ಚಿತ್ರ ಬಿಡಿಸುವುದನ್ನು ಮೊದಲೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ ಬಹುಮಾನದ ಆಸೆ ತೋರಿಸಿ ಚಿತ್ರ ಬಿಡಿಸಿದಾಗ, ನಂತರದ ದಿನಗಳಲ್ಲಿ ಅವರು ತಾವಾಗಿಯೇ ಬಣ್ಣದ ಪೆನ್ನುಗಳತ್ತ ಹೋಗುವುದು ಕಡಿಮೆಯಾಯಿತು. ಹೇಳದೆ ಬಹುಮಾನ ಕೊಟ್ಟ ಮಕ್ಕಳಲ್ಲಿ ಹಾಗಾಗಲಿಲ್ಲ.

ಉತ್ತರ 4

ಹದಿನಾರರವರೆಗೆ ಮನೆಯಲ್ಲೇ ಓದಿ, ಈಗ ಕೆಲಸದಲ್ಲಿರುವವನು ನಾನು. ಪ್ರಶ್ನೆ ಕೇಳುವ ಅಭ್ಯಾಸ ನನಗೆ ಮನೆಯಿಂದಲೇ ಬಂತು. ಗಡುವು ಮಾತ್ರ ಬರಲಿಲ್ಲ. ಮೊದಲ ಲಿಖಿತ ಪರೀಕ್ಷೆಯಲ್ಲಿ ಗೊತ್ತಿದ್ದ ಎರಡು ಉತ್ತರಗಳನ್ನು ಸಮಯವಿಲ್ಲದೆ ಬಿಟ್ಟು ಬಂದೆ. ಮಗಳು ಹನ್ನೊಂದು, ಹನ್ನೆರಡಕ್ಕೆ ಬಂದಾಗ ಹೊರಗಿನವರೊಬ್ಬರು ಅವಳ ಬರಹ ತಿದ್ದುವಂತೆ ಏರ್ಪಾಡು ಮಾಡಿ, ಅಪ್ಪ ಅಮ್ಮನ ಕೆಂಪು ಗುರುತಿಗೂ ಅಪರಿಚಿತರ ಕೆಂಪು ಗುರುತಿಗೂ ಬಹಳ ವ್ಯತ್ಯಾಸವಿದೆ. ಇನ್ನೊಂದು ಮಾತು: ದಿನಚರಿ ಬರೀ ನೆನಪಿಗಲ್ಲ. ಈ ವಿಷಯದ ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ಬಗೆ. ಜರ್ಮನಿಯಲ್ಲಿ ಶಾಲೆಗೆ ಹೋಗುವುದೇ ಕಡ್ಡಾಯ, ಇನ್ನು ಕೆಲವೆಡೆ ಮಗು ಏನು ಕಲಿತಿತೆಂದು ವರ್ಷಕ್ಕೊಮ್ಮೆ ತೋರಿಸಬೇಕು. ತಾರೀಖು ಹಾಕಿದ ಎರಡು ಸಾಲು ಅಂಥ ಹೊತ್ತಿಗೆ ಕೈಹಿಡಿಯುತ್ತವೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞತೆಗಳು. ಬೆಳಿಗ್ಗೆ ಮಗಳಿಗೆ ಲೆಕ್ಕಕ್ಕೆ ಇಪ್ಪತ್ತು ನಿಮಿಷ, ಮಗನಿಗೆ ಒತ್ತಕ್ಷರಕ್ಕೆ ಹತ್ತು ನಿಮಿಷ ಎಂದು ನಿಗದಿ ಮಾಡಿದ್ದೇನೆ, ಉಳಿದದ್ದು ಈಗಿದ್ದಂತೆಯೇ. ಕಾಗದದ ಪಟ್ಟಿಯನ್ನು ನಿನ್ನೆಯೇ ಮಾಡಿದೆವು. ಮೂರಕ್ಕೆ ಮಡಚುವುದರಲ್ಲಿ ನಾಲ್ಕು ಪಟ್ಟಿಗಳು ಹಾಳಾದವು. ಪಾಲುಗಳನ್ನು ಒಂದರ ಮೇಲೊಂದು ಇಟ್ಟು ಸ್ವಲ್ಪ ಹೊತ್ತು ನೋಡಿ, "ಹಾಗಾದರೆ ನೂರನೇ ಒಂದು ಭಾಗ ಕಣ್ಣಿಗೇ ಕಾಣಿಸಲಿಕ್ಕಿಲ್ಲ" ಎಂದಳು ಮಗಳು. ತಮ್ಮ ಪಕ್ಕದಲ್ಲೇ ನೆಲದ ಮೇಲೆ ಮಲಗಿದ್ದವನು ತಲೆ ಎತ್ತದೆ, "ಪಟ್ಟಿ ರಸ್ತೆಯಷ್ಟು ಉದ್ದ ಇದ್ದರೆ ಕಾಣಿಸುತ್ತೆ" ಎಂದ. ಇಬ್ಬರೂ ಈಗ ಟೇಪು ಹಿಡಿದು ಹೊರಗೆ ಹೋಗಿದ್ದಾರೆ.